ಹುಣ್ಣಿಮೆ ನೋಡಿ ಹೊರಟೆವು, ಉಬ್ಬರ ನೋಡಲಿಲ್ಲ

ಮದ್ರಸದ ಮಕ್ಕಳನ್ನು ಟೂರ್ ಕರ್ಕೊಂಡು ಹೋಗುವುದು ನಮ್ಮಲ್ಲಿ ಹೊಸತಲ್ಲ. ಸುಬ್ಹಿ ಕಳೆದು ಬಸ್ಸು ಹತ್ತಿಸಿ, ಎರಡು ಕಡೆ ಝಿಯಾರತ್ ಮಾಡಿಸಿ, ಒಂದು ಪಾರ್ಕ್ ತೋರಿಸಿ, ಬಿರಿಯಾನಿ ತಿನ್ನಿಸಿ, ರಾತ್ರಿ ಹನ್ನೊಂದಕ್ಕೆ ಮಸೀದಿ ಎದುರು ಇಳಿಸಿದರೆ ಮುಗಿಯಿತು. ಕಳೆದ ಚಳಿಗಾಲದಲ್ಲಿ ನಾವು ಮೂವರು ಉಸ್ತಾದರು ಸೇರಿ ಬೇರೆ ಆಲೋಚನೆ ಮಾಡಿದೆವು. ನೀರಿನ ಬದಿಯಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆಯುವುದು, ಮಕ್ಕಳ ಕೈಯಿಂದಲೇ ಗಂಜಿ ಬೇಯಿಸುವುದು, ಸಫರಿನ ನಮಾಝನ್ನು ಸಫರಿನಲ್ಲೇ ಕಲಿಸುವುದು. ಜಂಅ್, ಕಸ್ರ್ ಎಂದರೇನೆಂದು ಕೇಳಿದರೆ ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ನಿಜವಾಗಿ ಪ್ರಯಾಣ ಹೊರಟಾಗ ಮಾತ್ರ ನಮಾಝನ್ನೇ ಬಿಟ್ಟುಬಿಡುತ್ತಾರೆ. ಮಂಗಳೂರಿನಿಂದ ಕಾರವಾರ ಸುಮಾರು 270 ಕಿ.ಮೀ. ಅಷ್ಟು ದೂರಕ್ಕೆ ಕಸ್ರ್ ಮಾಡಬಹುದೋ ಬೇಡವೋ ಎಂಬ ಚರ್ಚೆಯೇ ಇಲ್ಲ.

ದಿನ ಆರಿಸುವಾಗ ಮಕ್ಕಳದ್ದು ಒಂದೇ ಹಠ, ಬೆಳದಿಂಗಳು ಬೇಕು ಅಂತ. ಹಾಗಾಗಿ ಹುಣ್ಣಿಮೆಯ ಮರುದಿನ ಬರುವ ಶನಿವಾರವನ್ನೇ ಗುರುತು ಹಾಕಿದೆವು. ಮನೆಗಳಿಗೆ ಫಾರ್ಮ್ ಕಳಿಸಿ, ಸಹಿ ಮಾಡಿಸಿ ತರಿಸಿ, ಲೆಕ್ಕ ಹಾಕಿ ಫೈಲಿನಲ್ಲಿಟ್ಟೆವು. ಇಪ್ಪತ್ತೆರಡು ಹುಡುಗರು. ಆ ಫಾರ್ಮಿನ ಸುದ್ದಿಗೆ ಮುಂದೆ ಬರುತ್ತೇವೆ.

ಹೆದ್ದಾರಿಯಲ್ಲಿ ಗಂಗಾವಳಿ ನದಿ ಸಿಕ್ಕಿದ ಮೇಲೆ ಅಂಕೋಲ ತಾಲೂಕಿನ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಚಹಾದಂಗಡಿಯೂ, ಅಲ್ಲಿ ನಿಂತಿದ್ದವರೂ ಮಣ್ಣಿನಡಿ ಹೋದ ಜಾಗ. ಕೋಝಿಕ್ಕೋಡಿನ ಲಾರಿ ಚಾಲಕನೊಬ್ಬನ ಮಯ್ಯಿತ್ತು ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ನದಿಯೊಳಗಿದ್ದ ಲಾರಿಯಲ್ಲಿ. ಬಸ್ಸಿನಲ್ಲಿ ಆಗ ಹಾಡೂ ಇಲ್ಲ, ಮಾತೂ ಇಲ್ಲ. ರಾತ್ರಿ ತಂಗುವಾಗ ದಾರಿಯ ಮೇಲೆ ತಂಗಬೇಡಿ, ಅದು ಪ್ರಾಣಿಗಳು, ಕ್ರಿಮಿಕೀಟಗಳು ಓಡಾಡುವ ಜಾಗ ಎಂದು ಪ್ರವಾದಿ(ಸ)ರವರು ಹೇಳಿಕೊಟ್ಟದ್ದು ಸಹೀಹ್ ಮುಸ್ಲಿಮಿನಲ್ಲಿದೆ. ತಂಗುವ ಜಾಗವನ್ನು ನೋಡಿ ಆರಿಸಬೇಕೆಂಬ ಪಾಠವನ್ನು ನಾವು ಅಲ್ಲಿಯೇ ಹೇಳಿದೆವು. ಹೇಳುವುದು ಸುಲಭ.

ನಾವು ಇಳಿದದ್ದು ಅಂಕೋಲ ಪೇಟೆಗೆ ಹತ್ತಿರದ ನದಿಭಾಗದ ಕಡೆ. ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಕೆರೆಯ ಹಾಗೆ ತಣ್ಣಗೆ ನಿಂತ ಹಳ್ಳದ ನೀರು, ನಡುವೆ ಮರಳು. ಸರಕಾರಿ ಕಡಲತೀರದಲ್ಲಿ ಯಾರನ್ನೂ ಕೇಳದೆ ಟೆಂಟ್ ಹೊಡೆಯುವುದು ಸರಿಯಲ್ಲವೆಂದು ಪರಿಚಯದವರೊಬ್ಬರ ತೆಂಗಿನ ತೋಟದಲ್ಲಿ ಜಾಗ ಕೇಳಿದ್ದೆವು. ಅಬೂದಾವೂದಿನಲ್ಲಿ ಬರುವಂತೆ, ಸಹಾಬಿಗಳು ತಂಗಿದಲ್ಲಿ ಕಣಿವೆ ಕಣಿವೆಗೆ ಚದುರಿಹೋಗುತ್ತಿದ್ದರಂತೆ. ಅದು ಶೈತಾನನ ಕೆಲಸ ಎಂದು ಪ್ರವಾದಿ(ಸ)ರವರು ಹೇಳಿದ ಮೇಲೆ, ಒಂದು ಬಟ್ಟೆ ಹೊದಿಸಿದರೆ ಎಲ್ಲರನ್ನೂ ಮುಚ್ಚಬಹುದು ಎನ್ನುವಷ್ಟು ಹತ್ತಿರ ಹತ್ತಿರ ತಂಗಿದರು. ನಮ್ಮ ಆರು ಟೆಂಟುಗಳನ್ನೂ ಹಾಗೇ ಒತ್ತೊತ್ತಾಗಿ ಹಾಕಿಸಿದೆವು.

ಅಸರ್ ಕಳೆದ ಮೇಲೆ ಮಕ್ಕಳನ್ನು ನೀರಿಗೆ ಬಿಟ್ಟೆವು. ಕಡಲಿನ ತೆರೆಗೆ ಹೆದರಿ, ಹಳ್ಳದ ನೀರೇ ಒಳ್ಳೆಯದು, ಮೊಣಕಾಲಿನಷ್ಟೇ ಇದೆ, ಕೆರೆಯ ಹಾಗಿದೆ ಎಂದುಕೊಂಡೆವು. ಅಲ್ಲಿಯೇ ನಾವು ತಪ್ಪಿದ್ದು. ಬಲೆ ಬಿಡಿಸುತ್ತಿದ್ದ ಹರಿಕಂತ್ರ ಸಮುದಾಯದ ಹಿರಿಯರೊಬ್ಬರು, 'ಮಾಸ್ತರೇ, ಇಳಿತ ಸುರುವಾಗದೆ, ಮಕ್ಕಳನ್ನ ಅಳಿವೆ ಬದಿಗೆ ಬಿಡಬೇಡಿ' ಎಂದು ಕೂಗಿದರು. ನಾವು ತಲೆಯಾಡಿಸಿದೆವು. ಕರೆಯಲು ಎದ್ದು ನಿಲ್ಲುವುದರೊಳಗೆ ಹದಿಮೂರು ವರ್ಷದ ಹುಡುಗನೊಬ್ಬ ಕಾಲಡಿಯ ಮರಳು ಜಾರಿ ಕೂತುಬಿಟ್ಟ. ಕೂತವನು ಏಳಲಿಲ್ಲ. ಹಳ್ಳದ ನೀರೆಲ್ಲ ಕಡಲಿಗೆ ಓಡುವ ಹೊತ್ತು ಅದು, ನೀರಿನ ಜೊತೆ ಅವನೂ ಹೋಗುತ್ತಿದ್ದ. ನಮ್ಮಲ್ಲಿ ಒಬ್ಬರಿಗೂ ಸರಿಯಾಗಿ ಈಜು ಬರುವುದಿಲ್ಲ. ಒಂದು ಹಗ್ಗವನ್ನೂ ತಂದಿರಲಿಲ್ಲ.

ಆ ಹಿರಿಯರು ಬಲೆ ಬಿಸಾಡಿ ಓಡಿದರು. 'ತಮಾ, ಹಿಂದೆ ಬರೂದು ಬೇಡ, ಅಡ್ಡ ಬಾ, ಅಡ್ಡ ಬಾ' ಎನ್ನುತ್ತಾ ಬದಿಯ ಮರಳದಿಣ್ಣೆಯಿಂದ ಇಳಿದು ಅವನ ಅಂಗಿ ಹಿಡಿದೆಳೆದರು. ಎಲ್ಲ ಸೇರಿ ಎರಡು ನಿಮಿಷ ಇರಬಹುದು. ಹುಡುಗ ನೀರು ಕಕ್ಕಿ ಅತ್ತ, ಬದುಕಿದ. ಅಲ್‌ಹಂದುಲಿಲ್ಲಾಹ್ ಎನ್ನಲೂ ನಮಗೆ ಸ್ವರ ಹೊರಡಲಿಲ್ಲ.

ಮಗ್ರಿಬ್, ಇಶಾ ಜಂಅ್ ಮಾಡಿದ ಮೇಲೆ ಅವನ ಉಮ್ಮನಿಗೆ ಫೋನ್ ಮಾಡಿದೆವು. ಮುಚ್ಚಿಡಬಹುದಿತ್ತು, ಹಾಗೆ ಹೇಳಿದವರೂ ಇದ್ದರು. ಉಮ್ಮ ಬೈಯುತ್ತಾರೆಂದು ಕಾದೆವು. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವನಿಗೆ ಈಜು ಬರುವುದಿಲ್ಲ, ನೀರಿಗೆ ಬಿಡಬೇಡಿ ಅಂತ ಫಾರ್ಮಿನಲ್ಲಿ ಬರೆದಿದ್ದೆನಲ್ಲ ಉಸ್ತಾದೇ' ಎಂದರು. ಫೈಲ್ ತೆಗೆದು ಟಾರ್ಚ್ ಬಿಟ್ಟು ನೋಡಿದೆವು. ಕೊನೆಯ ಸಾಲಿನಲ್ಲಿ ಬರೆದಿತ್ತು. ಇನ್ನೂ ಒಂಬತ್ತು ಮನೆಯವರು ಅದನ್ನೇ ಬರೆದಿದ್ದರು. ನಾವು ಸಹಿ ಎಣಿಸಿದ್ದೆವು, ಓದಿರಲಿಲ್ಲ.

ರಾತ್ರಿ ಗಂಜಿ ಉಂಡು ಮಕ್ಕಳು ಮಲಗಿದರು. ಮಲಗುವ ಮುಂಚೆ ಬೆಂಕಿ ಆರಿಸಬೇಕೆಂಬ ಹದೀಸ್ ಹೇಳಿ ಒಲೆಗೆ ನೀರು ಸುರಿಸಿದೆವು. ಬೆಳದಿಂಗಳು ಹಾಲಿನ ಹಾಗಿತ್ತು. ನೋಡುವ ಮನಸ್ಸಿರಲಿಲ್ಲ. ಆ ಹಿರಿಯರು ತೋಟಕ್ಕೆ ಬಂದು ಕೂತು ಹೇಳಿದ ಲೆಕ್ಕ ನಮ್ಮನ್ನು ಇನ್ನೂ ನಾಚಿಸಿತು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಉಬ್ಬರ ಅತಿ ಎತ್ತರ, ಇಳಿತ ಅತಿ ತಗ್ಗು, ಹಾಗಾಗಿ ಅಳಿವೆಯ ಸೆಳೆತವೂ ಅತಿ ಜೋರು. ಈ ಕರಾವಳಿಯಲ್ಲಿ ಆ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರು ತುಂಬಿ, ಸಂಜೆಗೆ ಇಳಿಯುತ್ತದೆ. ನಾವು ಮಕ್ಕಳನ್ನು ಬಿಟ್ಟದ್ದು ಸರಿಯಾಗಿ ಅದೇ ಹೊತ್ತಿಗೆ.

ಚಂದ್ರನ ತಾರೀಕು ನೋಡಿಯೇ ನೋಂಬು, ಹಬ್ಬ ಮಾಡುವವರು ನಾವು. ಮದ್ರಸದ ಗೋಡೆಯಲ್ಲೇ ಹಿಜ್ರಿ ಕ್ಯಾಲೆಂಡರ್ ಇದೆ. ಹಿಜ್ರಿ ತಿಂಗಳ ಮೊದಲ ಎರಡು ಮೂರು ದಿನ ಮತ್ತು ಹದಿನಾಲ್ಕರಿಂದ ಹದಿನೇಳರ ತನಕ ಅಳಿವೆಗೆ ಹೋಗಬಾರದು. ಎಂಟು, ಒಂಬತ್ತು, ಇಪ್ಪತ್ತೆರಡು, ಇಪ್ಪತ್ತಮೂರರ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಅಯ್ಯಾಮುಲ್ ಬೀಳ್ ನೋಂಬಿನ ದಿನಗಳನ್ನು ಬೆರಳೆಣಿಸಿ ಹೇಳುವ ನಮಗೆ ಇದು ಹೊಳೆಯಲೇ ಇಲ್ಲ. ಸೆಳೆತ ಕಡಿಮೆಯ ದಿನವೂ ಅಳಿವೆ ಅಳಿವೆಯೇ, ಅದು ಬೇರೆ ಮಾತು.

ಬೆಳಿಗ್ಗೆ ಸುಬ್ಹಿಗೆ ಮರಳಿನ ಮೇಲೆ ಸಫ್ ಕಟ್ಟಿದೆವು. ಕಡಲಿಗೆ ಮುಖ ಮಾಡಿ ಸ್ವಲ್ಪ ಬಲಕ್ಕೆ ತಿರುಗಿದರೆ ಕಿಬ್ಲಾ. ವುಳೂ ಕಡಲ ನೀರಿನಲ್ಲೇ. ಒಬ್ಬ ಹುಡುಗ ಉಪ್ಪುನೀರು ಆಗುತ್ತದಾ ಎಂದು ಕೇಳಿದ್ದಕ್ಕೆ ಉತ್ತರವಾಗಿ ಕಡಲ ನೀರು ಶುದ್ಧವೆಂಬ ಹದೀಸಿನ ಪಾಠ ಅಲ್ಲೇ ಆಯಿತು. ನೀರಿನ ಬದಿಯಲ್ಲಿ, ದಾರಿಯಲ್ಲಿ, ನೆರಳಿನಲ್ಲಿ ಗಲೀಜು ಮಾಡಬಾರದೆಂಬ ಹದೀಸೂ ಅಲ್ಲೇ ಉಪಯೋಗಕ್ಕೆ ಬಂತು. ನಮ್ಮ ಪ್ಲೇಟು, ಬಾಟಲಿಗಳ ಜೊತೆ ಹಿಂದಿನವರು ಬಿಟ್ಟು ಹೋದ ಮೂರು ಗೋಣಿ ಕಸವನ್ನೂ ಹೆಕ್ಕಿದೆವು. ಅದರಲ್ಲಿ ಬಿರಿಯಾನಿ ಪಾರ್ಸೆಲಿನ ಕವರುಗಳೇ ಹೆಚ್ಚು. ಯಾರದ್ದೆಂದು ಕೇಳಬೇಡಿ.

ಕಾರವಾರದಲ್ಲಿ ಟಾಗೋರ್ ಕಡಲತೀರವನ್ನೂ, 'ಚಪಲ್' ಯುದ್ಧನೌಕೆಯ ಮ್ಯೂಸಿಯಮ್ಮನ್ನೂ ನೋಡಿದೆವು. ದೋಣಿಯಲ್ಲಿ ಹೋಗೋಣ ಎಂದು ಮಕ್ಕಳು ಕೇಳಿದರು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಇದೇ ಕಡಲಿನಲ್ಲಿ ಮಗುಚಿ 16 ಮಂದಿ ಹೋದರು. ಲೈಫ್ ಜಾಕೆಟ್ ಎಲ್ಲರಿಗೂ ಇದೆಯಾ ಎಂದು ವಿಚಾರಿಸಿದೆವು. ಇಪ್ಪತ್ತೆರಡು ಇರಲಿಲ್ಲ. ಹತ್ತಲಿಲ್ಲ. ಮಕ್ಕಳು ಮುಖ ಊದಿಸಿಕೊಂಡರು.

ಊರಿಗೆ ಬಂದ ಮೇಲೆ ಜಮಾಅತ್ ಸಭೆಯಲ್ಲಿ ನಡೆದದ್ದನ್ನು ಹೇಳಿದೆವು. ಇನ್ನು ಟೂರೇ ಬೇಡ ಎಂದರು ಕೆಲವರು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಕಡಲಪಾಲಾದದ್ದನ್ನು ನೆನಪಿಸಿದರು. ಹೆದರಿಕೆ ನಮಗೂ ಇದೆ. ಆದರೆ ಕಡಲು, ಹೊಳೆಗಳ ನಡುವೆ ಬದುಕುವ ನಮ್ಮ ಮಕ್ಕಳನ್ನು ನೀರಿನಿಂದ ಎಷ್ಟು ದಿನ ದೂರ ಇಡುವುದು? ನಾವು ಕರ್ಕೊಂಡು ಹೋಗದಿದ್ದರೆ ಬೈಕಿನಲ್ಲಿ ತಾವೇ ಹೋಗುತ್ತಾರೆ. ಹಿಂದಿನವರು ಮಸೀದಿಯ ಕೆರೆಯಲ್ಲೇ ಈಜು ಕಲಿತವರು. ನಳ್ಳಿ ಬಂತು, ಕೆರೆ ಹೋಯಿತು, ಈಜೂ ಹೋಯಿತು.

ಹೆಂಗಸರ ಮಾತು ಬೇರೆಯೇ ಇತ್ತು. 'ಹುಡುಗರಿಗೆ ಎರಡು ದಿನ, ನಮಗೆ ಯಾವಾಗ?' ಎಂದು ಮಕ್ಕಳ ಉಮ್ಮಂದಿರು ಕೇಳಿ ಕಳಿಸಿದರು. ಪ್ರಯಾಣದ ನಡುವೆ ಆಯಿಶಾ(ರ)ರವರ ಜೊತೆ ಪ್ರವಾದಿ(ಸ)ರವರು ಓಟದ ಪಂದ್ಯ ಕಟ್ಟಿದ ಹದೀಸನ್ನು ಮಿಂಬರಿನಲ್ಲಿ ಹೇಳುವ ನಮಗೆ ಉತ್ತರ ಇರಲಿಲ್ಲ. ಮುಂದಿನ ಸಲ ಉಮ್ಮಂದಿರಿಗೂ, ಹೆಣ್ಣುಮಕ್ಕಳಿಗೂ ಒಂದು ದಿನ, ಅವರದೇ ಮೇಲುಸ್ತುವಾರಿಯಲ್ಲಿ ಎಂದು ತೀರ್ಮಾನವಾಗಿದೆ.

ಫಾರ್ಮಿನಲ್ಲಿ ಈಗ ಈಜಿನ ಸಾಲು ಎಲ್ಲಕ್ಕಿಂತ ಮೇಲಿದೆ. ಬಸ್ಸು ಹೊರಡುವ ಮೊದಲು ಒಬ್ಬೊಬ್ಬರದ್ದನ್ನೂ ಗಟ್ಟಿಯಾಗಿ ಓದುತ್ತೇವೆ. ಹಗ್ಗ, ನಾಲ್ಕು ಲೈಫ್ ಜಾಕೆಟ್ ಕೊಂಡಿದ್ದೇವೆ. ಈಜು ಬಲ್ಲ ಇಬ್ಬರು ಯುವಕರು ಜೊತೆಗೆ ಬರುತ್ತಾರೆ. ಪ್ರತೀ ಶುಕ್ರವಾರ ಬೆಳಿಗ್ಗೆ, ಜುಮಾಕ್ಕೆ ಮೊದಲು, ಹನ್ನೆರಡು ಹುಡುಗರು ಈಜು ಕಲಿಯಲು ಹೋಗುತ್ತಿದ್ದಾರೆ, ಜೊತೆಗೆ ನಮ್ಮ ಇಬ್ಬರು ಉಸ್ತಾದರು. ಆ ಹುಡುಗನೂ ಇದ್ದಾನೆ. ಇನ್ನೂ ಮುಖ ಮುಳುಗಿಸುವುದಿಲ್ಲ, ಮೆಟ್ಟಿಲು ಹಿಡಿದುಕೊಂಡೇ ಕಾಲು ಬಡಿಯುತ್ತಾನೆ. ಅವನ ಉಮ್ಮ ಪ್ರತೀ ವಾರ ಟವೆಲು ಕಳಿಸುತ್ತಾರೆ.