ಗಾಲಿಯ ಮೇಲಿನ ಶಾಸನ

ಇಂದಿನ ಸವದತ್ತಿಗೆ ಹಿಂದೆ ಸುಗಂಧವರ್ತಿ ಎಂಬ ಹೆಸರಿತ್ತು. ರಟ್ಟ ಅರಸರು ಅಲ್ಲಿದ್ದು ಆಳಿದರು. ಅವರು ಬಿಟ್ಟುಹೋದ ಶಾಸನಗಳನ್ನು 1870ರ ದಶಕದಲ್ಲಿ ಫ್ಲೀಟ್ ಅವರು ಓದಿ ಪ್ರಕಟಿಸಿದರು. ರಾಮದುರ್ಗದ ಹತ್ತಿರದ ತೊರಗಲ್ಲಾದರೂ ಶಾಸನಗಳಲ್ಲಿ ಆರು ಸಾವಿರದ ನಾಡೆಂದು ಎಣಿಸಿಕೊಂಡ ಸೀಮೆ. ಹೀಗೆ ಕಲ್ಲಿನ ಮೇಲಿನ ಬರಹ ನಮ್ಮ ನಾಡಿಗೆ ಹೊಸದಲ್ಲ. ಬಲ್ಲವರು ಅದನ್ನು ಓದುವಾಗ ಕೆಲವು ಸಂಗತಿಗಳನ್ನು ತಪ್ಪದೆ ಹುಡುಕುತ್ತಾರೆ. ಕೊಟ್ಟವರು ಯಾರು, ಕೊಟ್ಟದ್ದು ಎಷ್ಟು ಮತ್ತರು, ಅಳೆದ ಕೋಲು ಯಾವುದು, ಬರೆಸಿದ ವರ್ಷ ಯಾವುದು, ಮೀರಿದವನಿಗೆ ಬರುವ ಕೇಡೇನು?

ಅಂಥದೇ ಒಂದು ಬರಹ ಇಂದು ನಮ್ಮ ಅಂಗಳದಲ್ಲಿ ನಿಂತಿರುವ ಕಾರಿನ ಗಾಲಿಯ ಮೇಲೆಯೂ ಇದೆ. ಅಳತೆ, ಹೊರುವ ಭಾರ, ಹುಟ್ಟಿದ ವರ್ಷ, ಮೀರಬಾರದ ಮೇರೆ ಎಲ್ಲವೂ ಅದರಲ್ಲಿವೆ. ಆದರೆ ಅಕ್ಷರಗಳು ಕರಿಯ ರಬ್ಬರಿನ ಮೇಲೆ ಕರಿಯದಾಗಿಯೇ ಉಬ್ಬಿರುವುದರಿಂದ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಹೊಸ ಟಾಯರು ಕೊಳ್ಳುವ ದಿನವೂ ನಾವು ಅವನ್ನು ಓದುವುದಿಲ್ಲ. ಅಂಗಡಿಯವನು ಹೇಳಿದ ಹೆಸರು, ಹೇಳಿದ ಬೆಲೆ, ನೋಡಲು ಚೆಂದ, ಇಷ್ಟರಲ್ಲಿಯೇ ವ್ಯವಹಾರ ಮುಗಿದುಹೋಗುತ್ತದೆ.

ಇದು ಉದಾಸೀನ ಮಾಡುವ ಮಾತಲ್ಲ. ಕಾರು ಎಷ್ಟೇ ದೊಡ್ಡದಿರಲಿ, ಒಂದೊಂದು ಗಾಲಿಯೂ ನೆಲಕ್ಕೆ ತಾಗಿರುವ ಭಾಗ ಹೆಚ್ಚುಕಡಿಮೆ ಅಂಗೈಯಗಲದಷ್ಟು ಮಾತ್ರ. ಮನೆಮಂದಿಯೆಲ್ಲ ಕೂತ ಬಂಡಿ ನಾಲ್ಕು ಅಂಗೈಗಳ ಮೇಲೆ ಓಡುತ್ತಿರುತ್ತದೆ. ಬ್ರೇಕು ಒತ್ತಿದಾಗ ನಿಲ್ಲಿಸುವುದೂ ತಿರುವಿನಲ್ಲಿ ಹಿಡಿದುಕೊಳ್ಳುವುದೂ ಆ ನಾಲ್ಕು ಅಂಗೈಗಳೇ.

ಚಕ್ಕಡಿಯ ಕಾಲದಲ್ಲಿ ಈ ಪ್ರಶ್ನೆ ಸುಲಭವಾಗಿತ್ತು. ಕಂಬಾರನು ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಕಟ್ಟಿಗೆಯ ಗಾಲಿಗೆ ಏರಿಸಿ ನೀರು ಹೊಯ್ಯುತ್ತಿದ್ದನು. ಆರಿದ ಹಳಿ ಕುಗ್ಗಿ ಗಾಲಿಯನ್ನು ಬಿಗಿದು ಹಿಡಿಯುತ್ತಿತ್ತು. ಅಲ್ಲಿ ಭಾರ ಹೊರುತ್ತಿದ್ದುದು ಕಟ್ಟಿಗೆ ಮತ್ತು ಕಬ್ಬಿಣ. 1845ರಲ್ಲಿ ಥಾಮ್ಸನ್ ಎಂಬಾತನು ಗಾಳಿ ತುಂಬಿದ ಗಾಲಿಗೆ ಹಕ್ಕುಪತ್ರ ಪಡೆದನಾದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಕೊಂಡನು. ಅಂದಿನಿಂದ ಭಾರ ಹೊರುವ ಕೆಲಸ ಗಾಳಿಯದಾಯಿತು. ಟಾಯರೆಂಬುದು ಗಾಳಿಯನ್ನು ತುಂಬಿಟ್ಟ ಪಾತ್ರೆ. ರಬ್ಬರು ಮತ್ತು ಅದರೊಳಗಿನ ನೂಲು, ತಂತಿ ಎಲ್ಲವೂ ಆ ಪಾತ್ರೆಯ ಗೋಡೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಗಾಲಿಯ ಮೇಲಿನ ಬರಹವೆಲ್ಲ ತಾನಾಗಿ ಅರ್ಥವಾಗುತ್ತದೆ.

ಕೇಳುಗರು ಒಂದು ಕಾಗದ, ಪೆನ್ಸಿಲು ಹತ್ತಿರ ಇಟ್ಟುಕೊಳ್ಳಬಹುದು. ನಮ್ಮ ಕಡೆಯ ಅನೇಕ ಸಣ್ಣ ಕಾರುಗಳ ಗಾಲಿಯ ಮೇಲೆ ಹೀಗೊಂದು ಸಾಲು ಕಾಣುತ್ತದೆ: 165/80 ಆರ್ 14 85 ಟಿ.

ಮೊದಲನೆಯ 165 ಎಂಬುದು ಟಾಯರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂಬುದು ಪಕ್ಕದ ಗೋಡೆಯ ಎತ್ತರ. ಆದರೆ ಇದು ಮಿಲಿಮೀಟರಲ್ಲ, ಅಗಲದ ನೂರರಲ್ಲಿ ಎಂಬತ್ತು ಪಾಲು. ಲೆಕ್ಕ ಹಾಕಿದರೆ 132 ಮಿಲಿಮೀಟರು. ‘ಆರ್’ ಎಂದರೆ ರೇಡಿಯಲ್. ಒಳಗಿನ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯ್ದಿವೆ ಎಂದರ್ಥ. ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಮೇಲೆ 13.6-28 ಎಂದು ಬರೆದಿದ್ದರೆ ನಡುವಣ ಆ ಸಣ್ಣ ಗೆರೆಗೂ ಅರ್ಥವುಂಟು. ಅಲ್ಲಿ ನೂಲುಗಳು ಓರೆಯಾಗಿ ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಕಾರಿನ ಒಂದೇ ಅಚ್ಚಿನ ಎರಡು ತುದಿಗೆ ಈ ಎರಡು ಜಾತಿಯ ಟಾಯರುಗಳನ್ನು ಬೆರೆಸಿ ಹಾಕಲಾಗದು. ಮುಂದಿನ 14 ಎಂಬುದು ಒಳಗಿನ ಉಕ್ಕಿನ ಬಳೆಯ, ಅಂದರೆ ರಿಮ್ಮಿನ ವ್ಯಾಸ. ಇದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರೂ ಇಂಚೂ ಕೂಡಿ ಬಾಳುತ್ತಿವೆ.

ಕೊನೆಯ 85 ಮತ್ತು ‘ಟಿ’ ಎಂಬವೇ ಹೆಚ್ಚಿನ ಜನ ಕಡೆಗಣಿಸುವ ಭಾಗ. ಅಪಾಯದ ಬಾಗಿಲೂ ಅಲ್ಲಿಯೇ ಇದೆ. 85 ಎಂಬುದು ಭಾರದ ಸಂಕೇತ. 85 ಕಿಲೋ ಎಂದಲ್ಲ. ಇದಕ್ಕೊಂದು ಜಾಗತಿಕ ಕೋಷ್ಟಕವಿದೆ. ಅದರಂತೆ 74 ಎಂದರೆ 375 ಕಿಲೋ, 82 ಎಂದರೆ 475, 85 ಎಂದರೆ 515, 88 ಎಂದರೆ 560, 91 ಎಂದರೆ 615. ಇದು ಒಂದು ಟಾಯರು ಹೊರಬಹುದಾದ ಅತಿ ಹೆಚ್ಚಿನ ಭಾರ. ‘ಟಿ’ ಎಂಬುದು ವೇಗದ ಸಂಕೇತ. ‘ಎಸ್’ಗೆ ಗಂಟೆಗೆ 180 ಕಿಲೋಮೀಟರು, ‘ಟಿ’ಗೆ 190, ‘ಎಚ್’ಗೆ 210. ಆ ವೇಗದಲ್ಲಿ ನಾವು ಯಾರೂ ಓಡಿಸುವುದಿಲ್ಲವಲ್ಲ ಎಂದು ಕೇಳಬಹುದು. ನಿಜ. ಆದರೆ ವೇಗದ ಅಕ್ಷರವು ಕಾವನ್ನು ತಾಳುವ ಶಕ್ತಿಯ ಅಳತೆಯೂ ಹೌದು. ವೈಶಾಖದ ಬಿಸಿಲಿನಲ್ಲಿ ರಾಮದುರ್ಗದ ಡಾಂಬರಿನ ಮೇಲೆ ಓಡುವ ಗಾಲಿಗೆ ಆ ಶಕ್ತಿ ಬೇಕೇ ಬೇಕು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಇದೇ ಕಾರಿಗೆ 175/65 ಆರ್ 14 ಎಂಬ ಟಾಯರನ್ನು ಅಂಗಡಿಯವನು ತೋರಿಸಿದನೆನ್ನಿ. ರಿಮ್ಮು ಅದೇ 14, ಅಗಲ 10 ಮಿಲಿಮೀಟರು ಹೆಚ್ಚು, ನೋಡಲೂ ಗಟ್ಟಿಮುಟ್ಟು. ಕೊಳ್ಳುವವನು ಸಂತೋಷಪಡುತ್ತಾನೆ. ಆದರೆ ಅದರ ಭಾರದ ಸಂಕೇತ ಸಾಮಾನ್ಯವಾಗಿ 82, ಅಂದರೆ 475 ಕಿಲೋ. ಅಗಲ ಹೆಚ್ಚಾದರೂ ಹೊರುವ ಶಕ್ತಿ ಗಾಲಿಗೆ 40 ಕಿಲೋದಂತೆ ಕಡಿಮೆಯಾಯಿತು. ನಾಲ್ಕು ಗಾಲಿಗೆ 160 ಕಿಲೋ. ಏಕೆಂದರೆ ಗೋಡೆ ತಗ್ಗಾಗಿ ಒಳಗಿನ ಗಾಳಿಗೆ ಎಡೆ ಕಡಿಮೆಯಾಗಿದೆ. ಭಾರ ಹೊರುವುದು ಗಾಳಿ ಎಂಬ ಮಾತು ಇಲ್ಲಿ ನೆನಪಾಗಬೇಕು.

ನಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಮೊದಲಿನ ಗಾಲಿಯ ಒಟ್ಟು ಎತ್ತರ ಸುಮಾರು 620 ಮಿಲಿಮೀಟರು, ಇದರದು 584. ಕಾರಿನ ಹೊಟ್ಟೆ ನೆಲಕ್ಕೆ 18 ಮಿಲಿಮೀಟರು ಹತ್ತಿರವಾಯಿತು. ಹೊಲದ ಗಾಡಿದಾರಿಗೆ ಇಳಿಯುವ ಕಾರಿಗೆ ಅದು ಸಣ್ಣ ಮಾತಲ್ಲ. ವೇಗದ ಮುಳ್ಳೂ ಸುಳ್ಳು ಹೇಳತೊಡಗುತ್ತದೆ. ಅದು 60 ತೋರಿಸುವಾಗ ಕಾರು ನಿಜವಾಗಿ ಓಡುತ್ತಿರುವುದು 56ರ ಆಸುಪಾಸು. ಇದಕ್ಕೆ ಬದಲು 185/65 ಆರ್ 15 ಎಂಬ ಟಾಯರಿನ ಎತ್ತರ 621. ವ್ಯತ್ಯಾಸ ಒಂದೇ ಮಿಲಿಮೀಟರು. ಆದರೆ ಅದಕ್ಕೆ ರಿಮ್ಮೂ ಬೇರೆಯೇ ಬೇಕು. ಕಾರಿನ ಕೈಪಿಡಿಯ ಒಪ್ಪಿಗೆಯೂ ಇರಬೇಕು. ಆದ್ದರಿಂದ ನೇಮವೊಂದನ್ನು ಇಟ್ಟುಕೊಳ್ಳುವುದು ಲೇಸು: ಕೈಪಿಡಿ ಹೇಳಿದ ಅಳತೆಯನ್ನೇ ಕೊಳ್ಳಬೇಕು, ಭಾರದ ಸಂಖ್ಯೆಯಾಗಲಿ ವೇಗದ ಅಕ್ಷರವಾಗಲಿ ಅದಕ್ಕಿಂತ ಕೆಳಗಿನದು ಕೂಡದು.

ಇನ್ನು ಕಾಲದ ಮಾತು. ಟಾಯರಿನ ಒಂದು ಪಕ್ಕದಲ್ಲಿ ಚಿಕ್ಕ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 3523 ಎಂದಿದ್ದರೆ 2023ನೆಯ ವರ್ಷದ 35ನೆಯ ವಾರ ಎಂದು ಓದಬೇಕು. ಇದೇ ಅದರ ಹುಟ್ಟಿದ ಕಾಲ. ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಇದನ್ನು ಒತ್ತಿರುವುದರಿಂದ ಕಾಣದಿದ್ದರೆ ಟಾಯರನ್ನು ಹೊರಳಿಸಿ ನೋಡಬೇಕು. ರಬ್ಬರು ಓಡದೆ ಕೂತರೂ ಮುಪ್ಪಾಗುತ್ತದೆ. ಗಾಳಿ, ಬಿಸಿಲು ತಾಗಿ ಬಿರುಸಾಗಿ ಕೂದಲೆಳೆಯ ಬಿರುಕುಗಳು ಹುಟ್ಟುತ್ತವೆ. ಐದು ವರ್ಷ ದಾಟಿದ ಟಾಯರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕೆಂದೂ ಹತ್ತು ವರ್ಷವಾದುದನ್ನು ಗೆರೆ ಎಷ್ಟೇ ಉಳಿದಿರಲಿ ತೆಗೆದುಹಾಕಬೇಕೆಂದೂ ಅನೇಕ ತಯಾರಕರು ಹೇಳುತ್ತಾರೆ. ನಮ್ಮ ಊರುಗಳಲ್ಲಿ ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರು ಓಡುವ ಕಾರುಗಳೇ ಬಹಳ. ಅವುಗಳ ಟಾಯರು ಸವೆಯುವ ಮೊದಲೇ ಮುದಿಯಾಗುತ್ತದೆ. ಗೆರೆಯನ್ನಷ್ಟೇ ನೋಡಿ ನೆಮ್ಮದಿಯಾಗಿರುವವನು ಇಲ್ಲಿ ಮೋಸಹೋಗುತ್ತಾನೆ.

ಹಿಂಬದಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಈ ಮಾತು ಸಲ್ಲುತ್ತದೆ. ಅಂದ ಹಾಗೆ, ವೇಲ್ಸ್ ನಾಡಿನ ಲನೆಲ್ಲಿ ಪಟ್ಟಣದಲ್ಲಿ ಸ್ಟೆಪ್ನಿ ಎಂಬ ಬೀದಿಯಿದೆ. 1904ರ ಸುಮಾರಿಗೆ ಅಲ್ಲಿ ಹುಟ್ಟಿದ ಹೆಚ್ಚುವರಿ ಗಾಲಿಗೆ ಬೀದಿಯ ಹೆಸರೇ ಅಂಟಿಕೊಂಡು ಕನ್ನಡದವರೆಗೂ ಉರುಳಿ ಬಂದಿದೆ.

ಇನ್ನು ಗಾಳಿಯ ಒತ್ತಡ. ಟಾಯರಿನ ಮೇಲೆಯೇ ಒಂದು ಒತ್ತಡವನ್ನು ಬರೆದಿರುತ್ತಾರೆ. ಅದನ್ನೇ ತುಂಬಬೇಕೆಂದು ಕೆಲವರು ತಿಳಿಯುತ್ತಾರೆ. ಅದು ಮೀರಬಾರದ ಮೇರೆ. ಶಾಸನದ ಕೊನೆಯ ಶಾಪವಾಕ್ಯವಿದ್ದಂತೆ. ತುಂಬಬೇಕಾದ ಅಳತೆ ಚಾಲಕನ ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿರುತ್ತದೆ. ಅಲ್ಲಿ ತುಂಬಿದ ಕಾರಿಗೆ ಬೇರೆ ಅಳತೆಯನ್ನೂ ಹಲವು ಸಲ ಕೊಟ್ಟಿರುತ್ತಾರೆ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಯಲ್ಲಮ್ಮನ ಗುಡ್ಡಕ್ಕೆ ಹೊರಟವರು ಈ ಎರಡನೆಯ ಅಳತೆಯನ್ನು ನೋಡಬೇಕು. ಗಾಳಿ ಕಡಿಮೆಯಾದ ಗಾಲಿ ಸುತ್ತಿದಂತೆಲ್ಲ ಅದರ ಪಕ್ಕದ ಗೋಡೆ ಮಡಿಚಿ ಬಿಚ್ಚಿ ಒಳಗೆ ಕಾವೇರುತ್ತದೆ. ಕಿತ್ತೂರಿನ ಬಳಿ ಹೆದ್ದಾರಿಗೆ ಏರಿ ವೇಗ ಹೆಚ್ಚಿಸಿದಾಗ ಆ ಕಾವು ನೂಲನ್ನೇ ಬಿಡಿಸಿಬಿಡುತ್ತದೆ. ಟಾಯರು ಸಿಡಿಯಿತು ಎಂದು ನಾವು ಕೇಳುವ ಸುದ್ದಿಗಳ ಹಿಂದೆ ಬಹಳ ಸಲ ಇರುವ ಕಾರಣ ಇದೇ. ಗಾಳಿಯನ್ನು ಬೆಳಿಗ್ಗೆ, ಕಾರು ಓಡುವ ಮೊದಲು, ತಣ್ಣಗಿದ್ದಾಗ ನೋಡಿಸಬೇಕು. ಬಿಸಿಯಾದ ಗಾಲಿಯಲ್ಲಿ ಒತ್ತಡ ಏರಿದ್ದು ಕಂಡು ಗಾಳಿ ಬಿಡುವುದು ತಪ್ಪು. ಆರಿದಾಗ ಅದು ಅಳತೆಗಿಂತ ಕೆಳಗಿಳಿಯುತ್ತದೆ.

ಗೆರೆಗಳ ಕೆಲಸ ನೀರನ್ನು ಹೊರಗೆ ತಳ್ಳುವುದು. ಅವುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರಿನ ದಿಣ್ಣೆಗಳಿವೆ. ಎಲ್ಲಿವೆಯೆಂದು ತಿಳಿಸಲು ಅಂಚಿನಲ್ಲಿ ಚಿಕ್ಕ ತ್ರಿಕೋನ ಅಥವಾ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳಿರುತ್ತವೆ. ಸವೆದ ಮೈ ಆ ದಿಣ್ಣೆಗೆ ಸಮವಾಯಿತೆಂದರೆ ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದಿದೆ ಎಂದರ್ಥ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರಿಗೆ ಇಟ್ಟಿರುವ ಕೊನೆಯ ಮಿತಿಯೂ ಅದೇ. ನಮ್ಮ ಸೀಮೆಯವರು ಅಲ್ಲಿಯವರೆಗೆ ಕಾಯದಿರುವುದೇ ಒಳಿತು. ಎರೆಯ ಹೊಲದಿಂದ ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರುಗಳು ರಸ್ತೆಯ ಮೇಲೆ ಕರಿಮಣ್ಣನ್ನು ಮೆತ್ತಿ ಹೋಗಿರುತ್ತವೆ. ಎರಡು ಹನಿ ಮಳೆ ಬಿದ್ದರೆ ಅದು ಬೆಣ್ಣೆಯಾಗುತ್ತದೆ. ಸವೆದ ಗಾಲಿ ಅಲ್ಲಿ ಹಿಡಿತವನ್ನೇ ಕಾಣದು.

ಜಾಲಿಯ ಮುಳ್ಳು ನಮ್ಮ ಇನ್ನೊಂದು ಪಾಡು. ಟ್ಯೂಬಿಲ್ಲದ ಟಾಯರಿನಲ್ಲಿ ಮುಳ್ಳು ನಟ್ಟರೂ ಗಾಳಿ ಮೆಲ್ಲಗೆ ಸೋರುತ್ತದೆ. ನಿಲ್ಲಿಸಲು ಎಡೆ ಸಿಗುತ್ತದೆ. ನೆಲಕ್ಕೆ ತಾಗುವ ಮೈಯಲ್ಲಾದ ಸಣ್ಣ ತೂತನ್ನು ಮುಚ್ಚಿಸಬಹುದು. ಪಕ್ಕದ ಗೋಡೆ ಕಲ್ಲಿಗೆ ಸೀಳಿದ್ದರೆ, ಇಲ್ಲವೆ ಅಲ್ಲೊಂದು ಬಾವು ಎದ್ದಿದ್ದರೆ ಅದಕ್ಕೆ ಮದ್ದಿಲ್ಲ.

ಈಗ ಸಂಸಾರಸ್ಥರ ನಿಜವಾದ ಪ್ರಶ್ನೆ. ಹಣ ಎರಡೇ ಟಾಯರಿಗೆ ಸಾಲುತ್ತದೆ. ಹೊಸವನ್ನು ಎಲ್ಲಿ ಹಾಕಬೇಕು? ಎಂಜಿನಿನ ಬಲ ಮುಂದಿನ ಗಾಲಿಗಿದೆ, ಆದ್ದರಿಂದ ಮುಂದೆ ಎಂಬುದು ರೂಢಿಯ ಉತ್ತರ. ತಯಾರಕರ ಸಲಹೆ ಇದಕ್ಕೆ ವಿರುದ್ಧವಾಗಿದೆ: ಹೊಸವು ಹಿಂದಕ್ಕೆ. ಒದ್ದೆ ರಸ್ತೆಯಲ್ಲಿ ಮುಂದಿನ ಗಾಲಿ ಜಾರಿದರೆ ಕಾರು ನೇರ ಸಾಗಲು ನೋಡುತ್ತದೆ. ವೇಗ ತಗ್ಗಿಸಿದರೆ ಹೆಚ್ಚಾಗಿ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಇಡೀ ಕಾರು ಬುಗುರಿಯಂತೆ ತಿರುಗುತ್ತದೆ. ಅದನ್ನು ತಡೆಯುವ ಕೈ ಬಹಳ ಪಳಗಿದ್ದಾಗಿರಬೇಕು.

ಅಗ್ಗದ ಹಳೆಯ ಟಾಯರಿನ ಆಸೆಯೂ ಹಲವರಿಗಿದೆ. ಸವೆದ ಮೈಗೆ ಬಿಸಿ ಉಳಿಯಿಂದ ಮತ್ತೆ ಗೆರೆ ಕೊರೆದು ಕರಿ ಬಳಿದು ಮಾರುವುದುಂಟು. ಗೆರೆ ಆಳವಾಗಿ ಕಂಡರೂ ಕೆಳಗಿನ ರಬ್ಬರು ತೆಳುವಾಗಿ ತಂತಿಗೆ ಸಮೀಪಿಸಿರುತ್ತದೆ. ತಳದ ಆ ಸಣ್ಣ ದಿಣ್ಣೆಗಳು ಕಡಿದುಹೋಗಿದ್ದರೆ ಮೋಸ ಬಯಲಾಯಿತು.

ಅಂಗಡಿಗೆ ಹೋಗುವ ಮುನ್ನ ಬಾಗಿಲ ಚೀಟಿಯನ್ನೂ ಈಗಿನ ಟಾಯರಿನ ಸಾಲನ್ನೂ ಒಂದು ಕಾಗದಕ್ಕೆ ಇಳಿಸಿಕೊಳ್ಳಿ. ಅಲ್ಲಿ ಹೊಸ ಟಾಯರನ್ನು ಬೆಳಕಿಗೆ ತರಿಸಿ ಅಳತೆ, ಭಾರ, ವೇಗ, ಹುಟ್ಟಿದ ವಾರ ಇವನ್ನು ನೀವೇ ಓದಿ ನೋಡಿ. 2009ರ ಸರಕಾರಿ ಆಜ್ಞೆಯಂತೆ ಇರಬೇಕಾದ ಐ.ಎಸ್.ಐ. ಗುರುತೂ ಕಾರಿನ ಟಾಯರಿಗೆ ಸಂಬಂಧಿಸಿದ 15633 ಎಂಬ ಸಂಖ್ಯೆಯೂ ಇವೆಯೋ ನೋಡಿ. ಮೈಮೇಲೆ ಬಾಣದ ಗುರುತಿದ್ದರೆ ಗಾಲಿ ಮುಂದಕ್ಕೆ ಉರುಳುವ ದಿಕ್ಕಿಗೇ ಅದನ್ನು ಕೂಡಿಸಿದ್ದಾರೆಯೇ ಎಂದು ಹೊರಡುವ ಮೊದಲು ಒಮ್ಮೆ ಬಗ್ಗಿ ನೋಡಿ. ಇದಕ್ಕೆಲ್ಲ ಹತ್ತು ನಿಮಿಷ ಹಿಡಿದೀತು. ಅಂಗಡಿಯವನು ಬೇಸರಪಟ್ಟರೆ ಪಡಲಿ. ಆ ಗಾಲಿಗಳ ಮೇಲೆ ಕೂತು ಹೋಗುವವರು ನಿಮ್ಮ ಮನೆಯವರು.