ಹತ್ತಿಕಾಳಿನ ಹಳದಿ ವಿಷ: ಎಮ್ಮೆಗೆ ನಡೆದೀತು, ಕರುವಿಗೆ ನಡೆಯದು

ಒಂದು ಹತ್ತಿಕಾಳನ್ನು ಬ್ಲೇಡಿನಿಂದ ಕೊಯ್ದು ನೋಡಿರಿ. ಒಳಗಿನ ತಿರುಳಿನ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕಿ ಇರುತ್ತವೆ. ಎಲೆಯನ್ನು ಬಿಸಿಲಿಗೆ ಹಿಡಿದರೂ ಅಂಥವೇ ಚುಕ್ಕಿ ಕಾಣುತ್ತವೆ. ಇದು ರೋಗವಲ್ಲ. ಗಾಸಿಪಾಲ್ ಎಂಬ ಹಳದಿ ವಸ್ತುವನ್ನು ಗಿಡ ಅಲ್ಲಿ ಕೂಡಿಟ್ಟಿರುತ್ತದೆ. ಹುಳು, ಇಲಿಗಳಿಂದ ತನ್ನನ್ನು ಉಳಿಸಿಕೊಳ್ಳಲು ಹತ್ತಿಗಿಡ ಮಾಡಿಕೊಂಡ ವಿಷ ಇದು.

ನಮ್ಮ ಶಹಾಪುರ, ಸುರಪುರ ಕಡೆ ನಾರಾಯಣಪುರ ಕಾಲುವೆಯ ನೀರು ಹರಿದಲ್ಲಿ ಭತ್ತ ಬಂತು. ನೀರು ಹತ್ತದ ಎರೆ ಹೊಲದಾಗ ಇಂದಿಗೂ ಹತ್ತಿ, ತೊಗರಿನೇ ಗತಿ. ಯಾದಗಿರಿ ಕಡೆಯೂ ಅಷ್ಟೇ. ಹಿಂಡುವ ಎಮ್ಮೆ ಇದ್ದ ಮನೆಯಾಗ ಹತ್ತಿಕಾಳು ಇಲ್ಲಾ ಅದರ ಹಿಂಡಿ ಇದ್ದೇ ಇರ್ತದ. ಅದಕ್ಕೇ ಈ ವಸ್ತುವಿನ ಗುಣ ನಮಗೆ ಗೊತ್ತಿರಬೇಕು.

ಚೀನಾದಲ್ಲಿ ಆದದ್ದು

ಇದನ್ನು ಶುದ್ಧ ಮಾಡಿ 1899ರಲ್ಲಿ ಗಾಸಿಪಾಲ್ ಎಂದು ಹೆಸರಿಟ್ಟವರು ಮಾರ್ಹ್ಲೆವ್‌ಸ್ಕಿ ಎಂಬ ಪೋಲೆಂಡಿನ ವಿಜ್ಞಾನಿ. 1950ರ ದಶಕದಲ್ಲಿ ಚೀನಾದ ಕೆಲವು ಹಳ್ಳಿಗಳಲ್ಲಿ ಮಕ್ಕಳೇ ಹುಟ್ಟದಂತಾಯಿತು. ಹುಡುಕುತ್ತಾ ಹೋದರೆ, ಆ ಜನ ಶುದ್ಧೀಕರಿಸದ ಹತ್ತಿಕಾಳಿನ ಎಣ್ಣೆಯಲ್ಲಿ ಅಡಿಗೆ ಮಾಡುತ್ತಿದ್ದರು. 1970ರ ದಶಕದಲ್ಲಿ ಅಲ್ಲಿನ ವೈದ್ಯರು ಇದನ್ನೇ ಗಂಡಸರ ಸಂತಾನ ನಿಯಂತ್ರಣದ ಗುಳಿಗೆಯಾಗಿ 8,000ಕ್ಕೂ ಹೆಚ್ಚು ಜನರಿಗೆ ಕೊಟ್ಟು ನೋಡಿದರು. ಗುಳಿಗೆ ಕೆಲಸ ಮಾಡಿತು. ಆದರೆ ಕೆಲವರ ರಕ್ತದಲ್ಲಿ ಪೊಟ್ಯಾಷಿಯಂ ಇಳಿದು ನಿಶ್ಶಕ್ತಿ ಬಂತು. ಇನ್ನು ಕೆಲವರಿಗೆ ಗುಳಿಗೆ ಬಿಟ್ಟ ಮೇಲೂ ಮಕ್ಕಳಾಗುವ ಶಕ್ತಿ ತಿರುಗಿ ಬರಲಿಲ್ಲ. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ದಾರಿ ಬಿಡಿ ಎಂದಿತು.

ಕ್ಯಾನ್ಸರ್ ಕಣಗಳನ್ನು ಸಾಯಗೊಡದ ಒಂದು ಪ್ರೋಟೀನಿಗೆ ಗಾಸಿಪಾಲ್ ಅಂಟಿಕೊಂಡು ಅದರ ಕೆಲಸ ತಡೆಯುತ್ತದೆ. ಅದಕ್ಕಾಗಿ ಪ್ರಯೋಗಾಲಯಗಳಲ್ಲಿ ಇದರ ಮೇಲೆ ಸಂಶೋಧನೆ ನಡೆದಿದೆ, ರೋಗಿಗಳ ಮೇಲೂ ಪರೀಕ್ಷೆ ಆಗಿವೆ. ಹಾಗಂತ ಔಷಧಿ ಎಂದು ಯಾರೂ ಹತ್ತಿಕಾಳು ಅಗಿಯಬ್ಯಾಡ್ರಿ. ಪೇಟೆಯ ರಿಫೈನ್ಡ್ ಹತ್ತಿ ಎಣ್ಣೆಯ ಭಯ ಬೇಡ, ಶುದ್ಧೀಕರಿಸುವಾಗ ಗಾಸಿಪಾಲ್ ಹೋಗಿರುತ್ತದೆ.

ಪ್ರಯೋಗಾಲಯದವರು ಇದನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ನಾವು ಕಾಳನ್ನು ಬುಟ್ಟಿ ಲೆಕ್ಕದಲ್ಲಿ ದನದ ಮುಂದೆ ಇಡುತ್ತೇವೆ.

ಯಾವ ಪ್ರಾಣಿಗೆ ಹೇಗೆ?

ದೊಡ್ಡ ಎಮ್ಮೆ, ಆಕಳು, ಎತ್ತು: ಮೆಲುಕು ಹಾಕುವ ದನದ ಮೊದಲ ಹೊಟ್ಟೆಯಲ್ಲಿ ಗಾಸಿಪಾಲ್ ಪ್ರೋಟೀನಿಗೆ ಅಂಟಿ ಬಹಳಷ್ಟು ಜೋರು ಕಳೆದುಕೊಳ್ಳುತ್ತದೆ. ಹಿತಮಿತವಾಗಿ ಕೊಟ್ಟರೆ ತೊಂದರೆ ಇಲ್ಲ. ಅತಿಯಾದರೆ ಇವಕ್ಕೂ ಕೆಟ್ಟದ್ದೇ.

ಕರು: ಎಳೆಗರುವಿಗೆ ಆ ಹೊಟ್ಟೆ ಇನ್ನೂ ಬಲಿತಿರುವುದಿಲ್ಲ. ವಿಷ ನೇರ ರಕ್ತಕ್ಕೆ ಹೋಗಿ ಗುಂಡಿಗೆಗೆ ಹೊಡೆತ ಕೊಡುತ್ತದೆ. ಒಂದೇ ದಿನಕ್ಕೆ ಕಾಣುವುದಿಲ್ಲ, ವಾರಗಟ್ಟಲೆ ತಿಂದ ಮೇಲೆ ಕರು ಸೊರಗುತ್ತದೆ, ಮೇವು ಬಿಡುತ್ತದೆ, ಏದುಸಿರು ಬಿಡುತ್ತದೆ. ಕೆಲವು ಸಲ ಇದ್ದಕ್ಕಿದ್ದಂತೆ ಸಾಯುತ್ತದೆ. ನಾವು ನೆಗಡಿ, ದೃಷ್ಟಿ ಅಂತ ತಿಳೀತೀವಿ. ಇದಕ್ಕೆ ಮಾರುಮದ್ದಿಲ್ಲ. ಕಾಳು ನಿಲ್ಲಿಸಿ ಪಶುವೈದ್ಯರಿಗೆ ತೋರಿಸಬೇಕು, ಏನು ತಿನ್ನಿಸಿದ್ದೀರಿ ಎಂಬುದನ್ನೂ ಹೇಳಬೇಕು.

ಬೀಜದ ಹೋರಿ, ಕೋಣ: ಹೆಚ್ಚು ಹತ್ತಿಕಾಳು ತಿಂದರೆ ವೀರ್ಯ ಕೆಡುತ್ತದೆ. ಹೋರಿ ಮೈ ತುಂಬಲಿ ಎಂದು ಸುರಿಯುವವರು ಇದನ್ನು ನೆನಪಿಡಬೇಕು.

ಕೋಳಿ, ಹಂದಿ: ಮೆಲುಕು ಇಲ್ಲದ್ದರಿಂದ ಇವಕ್ಕೂ ಅಪಾಯ. ಹತ್ತಿಹಿಂಡಿ ತಿಂದ ಕೋಳಿಯ ಮೊಟ್ಟೆ ಇಟ್ಟಲ್ಲೇ ಒಳಗಿನ ಹಳದಿ ಭಾಗ ಹಸಿರುಗಪ್ಪಾಗುವುದುಂಟು.

ಬಿಟಿ ಹತ್ತಿಯಾದರೆ?

2002ರಲ್ಲಿ ದೇಶಕ್ಕೆ ಬಂದ ಬಿಟಿ ಹತ್ತಿಗೂ ಗಾಸಿಪಾಲಿಗೂ ಸಂಬಂಧವಿಲ್ಲ. ಬಿಟಿ ಕಾಳಿನಲ್ಲೂ ಅದು ಇದ್ದೇ ಇದೆ. ಹಿಂದೆ ಅಮೆರಿಕದಲ್ಲಿ ಚುಕ್ಕಿಯೇ ಇಲ್ಲದ ಹತ್ತಿ ತಳಿ ಮಾಡಿದಾಗ ಹುಳಗಳು ಅದನ್ನು ಉಳಿಯಗೊಡಲಿಲ್ಲ. ಆಮೇಲೆ ಟೆಕ್ಸಾಸ್‌ನಲ್ಲಿ ಕೀರ್ತಿ ರಾಥೋರ್ ಅವರ ತಂಡ ಎಲೆಯಲ್ಲಿ ವಿಷ ಉಳಿಸಿ, ಕಾಳಿನಲ್ಲಿ ಮಾತ್ರ ಇಳಿಸಿದ ಹತ್ತಿಯನ್ನು 2006ರಲ್ಲಿ ಪ್ರಕಟಿಸಿತು. 2018ರಲ್ಲಿ ಅಮೆರಿಕ ಸರಕಾರ ಅದನ್ನು ಬೆಳೆಯಲು ಒಪ್ಪಿತು. ನಮ್ಮ ಬೀಜದ ಅಂಗಡಿಯಾಗ ಸಿಗೋದು ಆ ಹತ್ತಿ ಅಲ್ಲ.

ನಾನು ಪಾಲಿಸುವ ನಿಯಮ

ನಾಲ್ಕು ತಿಂಗಳು ತುಂಬುವ ತನಕ ಕರುವಿಗೆ ಹತ್ತಿಕಾಳೂ ಇಲ್ಲ, ಅದರ ಹಿಂಡಿಯೂ ಇಲ್ಲ. ಶೇಂಗಾ ಹಿಂಡಿ, ತೊಗರಿ ಹೊಟ್ಟು ಕೊಡುತ್ತೇನೆ. ಬೂಷ್ಟು ಬಂದ ಶೇಂಗಾ ಹಿಂಡಿ ಮಾತ್ರ ಮುಟ್ಟಿಸುವುದಿಲ್ಲ, ಅದರದ್ದು ಬೇರೆ ವಿಷ. ಎಮ್ಮೆಯ ಬುಟ್ಟಿಗೆ ಕರು ಬಾಯಿ ಹಾಕದಂತೆ ದೂರ ಕಟ್ಟುತ್ತೇನೆ. ಎಮ್ಮೆಗೂ ಬರೀ ಹತ್ತಿಕಾಳು ಹಾಕದೆ ಜೋಳದ ನುಚ್ಚು, ಹೊಟ್ಟು ಬೆರೆಸುತ್ತೇನೆ. ಗಾಣದಲ್ಲಿ ಕಾವು ತಗುಲಿದ ಹಿಂಡಿಯಲ್ಲಿ ವಿಷದ ಜೋರು ಹಸಿ ಕಾಳಿಗಿಂತ ಕಡಿಮೆ. ಆದರೂ ಪೂರಾ ಹೋಗಿರುವುದಿಲ್ಲ.

ಇದಕ್ಕೆಲ್ಲ ರೊಕ್ಕ ಬೇಕಿಲ್ಲ. ಕರುವಿನ ಬುಟ್ಟಿ ಬೇರೆ, ಎಮ್ಮೆಯ ಬುಟ್ಟಿ ಬೇರೆ ಇಟ್ಟರೆ ಸಾಕು.