ಮೃತ್ಯುಪತ್ರದ ನಿರ್ವಾಹಕನ ಹೊಣೆ

ಹಿರಿಯರು ಮೃತ್ಯುಪತ್ರ ಬರೆಯಿಸುವಾಗ ಯಾರಿಗೆ ಎಷ್ಟೆಂಬುದನ್ನು ಬಹುಕಾಲ ಆಲೋಚಿಸುತ್ತಾರೆ. ಅದನ್ನು ನೆರವೇರಿಸಬೇಕಾದ ನಿರ್ವಾಹಕನ ಹೆಸರನ್ನು ಮಾತ್ರ ಕೊನೆಯ ಗಳಿಗೆಯಲ್ಲಿ, ಅನೇಕ ವೇಳೆ ಆತನನ್ನು ಕೇಳದೆಯೇ, ಸೇರಿಸಿಬಿಡುತ್ತಾರೆ. ಅಳಿಯನೋ, ಬೀಗರೋ, ಮಠದ ಹಿರಿಯ ಭಕ್ತರೋ ಅಕಸ್ಮಾತ್ತಾಗಿ ಆ ಭಾರಕ್ಕೆ ಹೆಗಲು ಕೊಡಬೇಕಾಗುತ್ತದೆ.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ನಿರ್ವಾಹಕನ ಕರ್ತವ್ಯಗಳಾದರೋ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಲ್ಲಿವೆ. ಅದರ 211ನೆಯ ಕಲಮಿನಂತೆ ಮೃತರ ಆಸ್ತಿಯು ನಿರ್ವಾಹಕನಲ್ಲಿ ನಿಹಿತವಾಗುತ್ತದೆ. ಹಾಗೆಂದು ಅದು ಆತನ ಸ್ವತ್ತಾಗದು. ಹಕ್ಕುದಾರರ ಕೈಸೇರುವವರೆಗೆ ಆತ ಅದರ ಕಾವಲುಗಾರ.

ವೆಚ್ಚದ ಕ್ರಮವನ್ನು ಕಾನೂನೇ ಹಾಕಿಕೊಟ್ಟಿದೆ. ಮೃತರ ಅಂತಸ್ತಿಗೆ ತಕ್ಕ ಅಂತ್ಯಕ್ರಿಯೆಯ ಖರ್ಚು, ಕೊನೆಗಾಲದ ವೈದ್ಯವೆಚ್ಚ ಮೊದಲು. ನ್ಯಾಯಾಲಯದಿಂದ ಪ್ರೊಬೇಟ್ ಪಡೆದಿದ್ದರೆ ಅದರ ವೆಚ್ಚ ಆಮೇಲೆ. ಅನಂತರ ಯಾರ ಸರದಿ? ಮರಣಕ್ಕೆ ಹಿಂದಿನ ಮೂರು ತಿಂಗಳೊಳಗೆ ದುಡಿದ ಕೂಲಿಕಾರ, ಕುಶಲಕರ್ಮಿ, ಮನೆಯಾಳುಗಳ ಬಾಕಿ ಕೂಲಿ. ಕಾಯಕವನ್ನು ಪೂಜ್ಯವೆಂದು ನಂಬಿದ ಸಮಾಜವು ಈ 322ನೆಯ ಕಲಮನ್ನು ವಿಶೇಷವಾಗಿ ನೆನಪಿಡಬೇಕೆಂದು ನಮಗೆ ತೋರುತ್ತದೆ. ತೊಗಟೆ ಹಿಡಿದ ಕೈಗಳಿಂದ ಹೊಲ ಉತ್ತವನ ಕೂಲಿ ಬಾಕಿಯಿರುವಾಗ ಮಕ್ಕಳು ಬೆಳ್ಳಿಬಂಗಾರ ಹಂಚಿಕೊಳ್ಳುವುದು ಕಾನೂನಿಗೂ ವಿರುದ್ಧ, ಧರ್ಮಕ್ಕೂ ವಿರುದ್ಧ. ಉಳಿದ ಸಾಲಗಳು ತೀರಿದ ಮೇಲಷ್ಟೇ ಮೃತ್ಯುಪತ್ರದ ದಾನಗಳು. ದಾಸೋಹಕ್ಕೆಂದು ಮಠಕ್ಕೆ ಬಿಟ್ಟ ಹಣವೂ ಸಾಲ ಕೊಟ್ಟವನ ಹಿಂದೆಯೇ ನಿಲ್ಲಬೇಕು. ಮಠದಲ್ಲಿಯೇ ವಿದ್ಯೆ ಕಲಿತ ನಾವು ಇದನ್ನು ಸಂಕೋಚವಿಲ್ಲದೆ ಹೇಳುತ್ತೇವೆ.

ಹಕ್ಕುದಾರರು ಅವಸರಪಡಿಸುವುದು ಸಹಜ. ಆದರೆ ಮರಣದಿಂದ ಒಂದು ವರ್ಷ ಕಳೆಯುವವರೆಗೆ ದಾನಗಳನ್ನು ಕೊಡಲೇಬೇಕೆಂಬ ನಿರ್ಬಂಧ ನಿರ್ವಾಹಕನ ಮೇಲಿಲ್ಲ. ಪ್ರೊಬೇಟ್ ಪಡೆದವನು ಆರು ತಿಂಗಳೊಳಗೆ ಆಸ್ತಿ ಮತ್ತು ಸಾಲಗಳ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೆ ಸಲ್ಲಿಸಬೇಕು. ಪ್ರೊಬೇಟ್ ಇಲ್ಲದಿದ್ದರೂ ಪಟ್ಟಿ ಬೇಡವೆಂದಲ್ಲ. ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು, ಪಹಣಿ, ಬ್ಯಾಂಕಿನ ಪುಸ್ತಕ, ಒಡವೆಗಳ ತೂಕ ಎಲ್ಲವನ್ನೂ ಬರೆದು ಸಹಿ ಹಾಕಿಸುವುದು ಕ್ಷೇಮ. ಒಡವೆಯ ವಿಷಯದಲ್ಲಿ ಬಾಯಿಮಾತು ಎಂದಿಗೂ ಸಲ್ಲದು. ಆಸ್ತಿಯನ್ನು ದುರುಪಯೋಗಪಡಿಸಿ ನಷ್ಟ ಮಾಡಿದರೆ ನಿರ್ವಾಹಕನೇ ಅದನ್ನು ತುಂಬಿಕೊಡಬೇಕಾಗುತ್ತದೆ.

ಇಷ್ಟನ್ನು ಹೊರಲಾರೆನೆನಿಸಿದವರು ನ್ಯಾಯಾಧೀಶರೆದುರು ಬಾಯಿಮಾತಿನಿಂದಲೋ, ಸಹಿಯುಳ್ಳ ಬರಹದಿಂದಲೋ ನಿರಾಕರಿಸಬಹುದು. ನಿರಾಕರಿಸಿದವರು ಮುಂದೆ ಅದೇ ಮೃತ್ಯುಪತ್ರದ ಪ್ರೊಬೇಟ್ ಕೇಳುವಂತಿಲ್ಲ. ಆದುದರಿಂದ ಮೃತರ ತಿಜೋರಿಯ ಕೀಲಿ ಕೈಗೆ ತೆಗೆದುಕೊಳ್ಳುವ ಮೊದಲೇ ಒಬ್ಬ ವಕೀಲರನ್ನು ಕಂಡು ನಿರ್ಧರಿಸುವುದು ಲೇಸು.